ಉಪ್ಪು ನೀರನ್ನು ಹೊರಗೆ ಎಳೆಯುತ್ತದೋ, ಒಳಗೆ ತರುತ್ತದೋ?

ಮಿಡಿಮಾವು, ಡೊಂಬಿವಲಿ:
ಹೋದ ವಾರ ಕುಂದಾಪುರದಿಂದ ಅತ್ತೆ ಎರಡು ಕಿಲೋ ಮಾವಿನ ಮಿಡಿ ಕಳಿಸಿದ್ದರು. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕಿಟ್ಟೆ. ಒಂದು ತೊಟ್ಟೂ ನೀರು ಸೋಕಿಸಿರಲಿಲ್ಲ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಮಿಡಿಗಳೆಲ್ಲ ಸುಕ್ಕುಗಟ್ಟಿ ನೀರಿನಲ್ಲಿ ಮುಳುಗಿದ್ದವು.

ಅದೇ ದಿನ ಆರು ವರ್ಷದ ಮಗನಿಗೆ ಭೇದಿ ಶುರುವಾಯಿತು. ಬೇಗ ಗುಣವಾಗಲಿ ಎಂದು, ಭೇದಿಗೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಿಹಿ ಪುಡಿ ಒಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದೇ ಲೋಟ ನೀರಿಗೆ ಕಲಸಿದೆ. ಫೋನಿನಲ್ಲಿ ಡಾಕ್ಟರಿಗೆ ಹೇಳಿದ್ದೇ ತಡ, "ಕುಡಿಸಬೇಡಿ, ಚೆಲ್ಲಿ! ಅದು ಒಂದು ಲೀಟರಿಗೆ" ಅಂದರು. ಸರಿಯಾಗಿ ಕಲಸಿ ಕೊಟ್ಟೆ, ಮಗ ಈಗ ಹುಷಾರಾಗಿದ್ದಾನೆ.

ಆದರೆ ಪ್ರಶ್ನೆ ತಲೆಯಿಂದ ಹೋಗ್ತಾ ಇಲ್ಲ. ಉಪ್ಪು ಮಿಡಿಯ ನೀರನ್ನೆಲ್ಲ ಹೊರಗೆ ಎಳೆಯಿತು, ಅಲ್ವಾ? ಹಾಗಾದರೆ ನೀರು ಕಳೆದುಕೊಂಡ ಮಗುವಿಗೆ ಉಪ್ಪು ಯಾಕೆ ಕೊಡುತ್ತಾರೆ?

ಥಾಣೆ ಸಿಸ್ಟರ್:
ಅಕ್ಕಾ, ಮಗು ಹುಷಾರಾಯಿತಲ್ಲ, ಸಮಾಧಾನ ಆಯಿತು. ನಾನು ಮಕ್ಕಳ ವಾರ್ಡಿನಲ್ಲಿ 14 ವರ್ಷದಿಂದ ನರ್ಸ್. ಈ ತಪ್ಪನ್ನು ತುಂಬಾ ತಾಯಂದಿರು ಮಾಡುತ್ತಾರೆ. 200 ಮಿಲಿಗೆ ಅಂತ ಚಿಕ್ಕ ಪೊಟ್ಟಣವೂ ಬರುತ್ತದೆ, ಅದರ ಮೇಲೆ ಬರೆದದ್ದನ್ನು ದಯವಿಟ್ಟು ಓದಿಯೇ ಕಲಸಿ.

ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇದೆ. ನೀರು ಅದನ್ನು ದಾಟಬಲ್ಲದು. ನೀರಿಗೆಂದೇ ಅಲ್ಲಿ ಅಕ್ವಾಪೊರಿನ್ ಎಂಬ ಸಣ್ಣ ಕೊಳವೆಗಳಿವೆ. ಇದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಉಪ್ಪು ಸುಮ್ನೆ ದಾಟಲಾರದು. ಹಾಗಾಗಿ ಉಪ್ಪು ಎತ್ತ ಜಾಸ್ತಿಯೋ ನೀರು ಅತ್ತ ಹರಿಯುತ್ತದೆ. ನಿಮ್ಮ ಭರಣಿಯಲ್ಲಿ ಉಪ್ಪು ಮಿಡಿಯ ಹೊರಗಿತ್ತು.

ಆದರೆ ಕರುಳಿನ ಕೋಶಗಳಲ್ಲಿ ಉಪ್ಪಿಗೂ ಒಂದು ಬಾಗಿಲಿದೆ. ಉಪ್ಪಿನಲ್ಲಿರುವ ಸೋಡಿಯಂನ ಎರಡು ಕಣ, ಸಿಹಿಯಾದ ಗ್ಲೂಕೋಸ್‌ನ ಒಂದು ಕಣ ಕೂಡಿ ಬಂದರೆ ಒಳಗೆ ಬಿಡುತ್ತದೆ. ಒಆರ್‌ಎಸ್‌ನಲ್ಲಿ ಸಿಹಿ ಇರೋದು ಬರೀ ರುಚಿಗಲ್ಲ, ಇದಕ್ಕೇ. ಕೋಶದ ಇನ್ನೊಂದು ಬದಿಯಲ್ಲಿ ಪಂಪ್ ಇದೆ. ಅದು ಸಲಕ್ಕೆ ಮೂರು ಸೋಡಿಯಂ ಅನ್ನು ರಕ್ತದ ಕಡೆಗೆ ನೂಕಿ, ಎರಡು ಪೊಟ್ಯಾಸಿಯಂ ಒಳಗೆ ತೆಗೆದುಕೊಳ್ಳುತ್ತದೆ. ಹಗಲೂ ರಾತ್ರಿ ಶಕ್ತಿ ಸುಟ್ಟು ಮಾಡುವ ಕೆಲಸ. ಉಪ್ಪು ಆ ಕಡೆ ಹೋಯಿತೆಂದರೆ ನೀರು ಹಿಂದೆಯೇ ಹೊರಟಿತು. ಕಾಲರಾದಲ್ಲಿ ಕೂಡ ಈ ಬಾಗಿಲು ಕೆಡುವುದಿಲ್ಲ. 1971ರಲ್ಲಿ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಾಲನಬೀಸ್ ಇಂಥ ನೀರನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಪ್ರತಿ ಸಲ ಪೊಟ್ಟಣ ಹರಿಯುವಾಗ ನನಗೆ ಅವರ ನೆನಪಾಗುತ್ತದೆ.

ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್. ಅದೆಲ್ಲ ಒಂದೇ ಲೋಟದಲ್ಲಿದ್ದರೆ ಬಾಗಿಲಿಗೆ ನಿಭಾಯಿಸಲು ಆಗುವುದಿಲ್ಲ. ಉಳಿದದ್ದು ಕರುಳಿನಲ್ಲೇ ನಿಂತು ಮೈಯ ನೀರನ್ನು ಎಳೆಯುತ್ತದೆ. ಆಗ ಕರುಳೇ ನಿಮ್ಮ ಭರಣಿ ಆಗಿಬಿಡುತ್ತದೆ ಅಕ್ಕಾ.

ಮಾಟುಂಗಾ ಅಡುಗೆಮನೆ:
ಸಿಸ್ಟರ್ ಹೇಳಿದ್ದು ನನಗೆ ದಿನಾ ಕಾಣುತ್ತದೆ. ಸೌತೆಕಾಯಿ ಕೋಸಂಬರಿಗೆ ಉಪ್ಪು ಹಾಕುವುದು ಬಡಿಸುವ ಹೊತ್ತಿಗೇ. ಹತ್ತು ನಿಮಿಷ ಮೊದಲು ಹಾಕಿದರೂ ತಟ್ಟೆಯ ತಳದಲ್ಲಿ ನೀರು. ಬಾಡಿದ ಕೊತ್ತಂಬರಿಯನ್ನು ತಣ್ಣೀರಲ್ಲಿ ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ತಲೆ ಎತ್ತುತ್ತದೆ, ಅದೂ ಇದೇ ಅಲ್ವಾ?

ಥಾಣೆ ಸಿಸ್ಟರ್:
ಹೌದು ಅಣ್ಣಾ, ಅದೇ. ಅಲ್ಲಿ ಉಪ್ಪು, ಸಕ್ಕರೆ ಎಲೆಯ ಕೋಶದೊಳಗೇ ಜಾಸ್ತಿ, ಅದಕ್ಕೆ ನೀರು ಒಳಗೆ ಹೋಗುತ್ತದೆ.

ಮಿಡಿಮಾವು, ಡೊಂಬಿವಲಿ:
ತುಂಬಾ ಥ್ಯಾಂಕ್ಸ್ ಸಿಸ್ಟರ್. ಇನ್ನೊಂದೇ ಅನುಮಾನ. ಈಗ ಒಂದು ಮಿಡಿ ಕೊಯ್ದು ನೋಡಿದೆ. ನಡುವಿನವರೆಗೂ ಉಪ್ಪಾಗಿದೆ. ಉಪ್ಪು ದಾಟಲಾರದು ಅಂದಿರಲ್ಲ?

ಥಾಣೆ ಸಿಸ್ಟರ್:
ಒಳ್ಳೆ ಪ್ರಶ್ನೆ ಅಕ್ಕಾ. ಅಷ್ಟು ನೀರು ಹೋದ ಮೇಲೆ ಮಿಡಿಯ ಕೋಶಗಳು ಸತ್ತಿರುತ್ತವೆ. ಸತ್ತ ಕೋಶದ ಪೊರೆ ಹರಿದು ಸೋರುತ್ತದೆ, ಯಾರು ಬಂದರೂ ತಡೆಯುವುದಿಲ್ಲ. ಆಮೇಲೇ ಉಪ್ಪು ಒಳಗೆ ಹೊಕ್ಕಿದ್ದು.