ಪದಚರ್ಚೆ (ತುರ್ತು): ಬೋರ್ಡಿಗೆ ‘ಪ್ರಮಾದ’ ಬೇಡ, ಹಾಗಾದರೆ ಏನು?

ಬಳ್ಳಾರಿಯಿಂದ, ಶುಕ್ರವಾರ ಸಂಜೆ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಎಂಟಕ್ಕೆ ಪೇಂಟರ್ ಬರುತ್ತಾನೆ. ಅಷ್ಟರೊಳಗೆ ನನಗೆ ನಾಲ್ಕು ಪದ ಬೇಕು.

ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ಊರಾಚೆಯ ಬೀಳು ಹೊಲದಲ್ಲಿ ಭಾನುವಾರ ಕಾರ್ ರೇಸ್ ಇಟ್ಟುಕೊಂಡಿದ್ದಾರೆ. ಹೊಲದ ಯಜಮಾನರು ಹಾಕಿದ ಷರತ್ತು ಒಂದೇ: ಜನ ಎಲ್ಲೆಂದರಲ್ಲಿ ನಿಲ್ಲಬಾರದು, ಎಚ್ಚರಿಕೆಯ ಬೋರ್ಡು ಕನ್ನಡದಲ್ಲಿರಬೇಕು. ಬ್ರಿಟನ್ನಿನ ರೇಸ್ ಟ್ರ್ಯಾಕುಗಳಲ್ಲಿ ‘ಮೋಟಾರ್ ರೇಸಿಂಗ್ ಅಪಾಯಕಾರಿ’ ಎಂಬ ಅರ್ಥದ ಒಂದು ಸಾಲನ್ನು ಬೋರ್ಡಿನಲ್ಲೂ ಟಿಕೆಟ್ಟಿನಲ್ಲೂ ಅಚ್ಚು ಹಾಕುವ ರೂಢಿಯಿದೆ. ಹುಡುಗರಿಗೆ ಅದೇ ಬೇಕಂತೆ. ನಮ್ಮ ಪೇಂಟರ್ ಅನಂತಪುರದ ಕಡೆ ಕಸುಬು ಕಲಿತವನು. ‘ಮೋಟಾರ್ ರೇಸ್ ಪ್ರಮಾದ’ ಎಂದು ದೊಡ್ಡ ಕೆಂಪಕ್ಷರದಲ್ಲಿ ಬರೆದು ತಂದ. ತೆಲುಗಿನಲ್ಲಿ ಪ್ರಮಾದವೆಂದರೆ ಅಪಾಯ, ಅಪಘಾತ ಎರಡೂ ಹೌದು. ನಮ್ಮಲ್ಲಿ ಅದು ತಪ್ಪು, ಅಚಾತುರ್ಯ. ಅಕ್ಕ ಬೋರ್ಡನ್ನು ಓದಿ, ‘ಸರಿಯಾಗಿಯೇ ಬರೆದಿದ್ದಾನೆ, ಅಳಿಸಬೇಡಿ’ ಎಂದಳು.

ಇನ್ನೊಂದು ಬೋರ್ಡು ಟಿಕೆಟ್ ಮೇಜಿನ ಪಕ್ಕಕ್ಕೆ. ಹಗ್ಗದ ಹಿಂದೆ ಏಕೆ ನಿಲ್ಲಬೇಕು ಎಂಬುದಕ್ಕೆ ಹಳೆಯ ಉದಾಹರಣೆ. ನಾನು ಬರೆದಿರುವುದು: ‘1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ ಪಿಯರ್ ಲೆವೆ ಓಡಿಸುತ್ತಿದ್ದ ಮರ್ಸಿಡಿಸ್ ಕಾರು ಮುಂದಿನ ಕಾರಿಗೆ ತಗುಲಿ ಛಿದ್ರವಾಯಿತು. ಅದರ ಬಿಡಿಭಾಗಗಳು ಪ್ರೇಕ್ಷಕರ ಮೇಲೆ ಹಾರಿ ಬಿದ್ದವು. ಈ ಅಪಘಾತಕ್ಕೆ 80ಕ್ಕೂ ಹೆಚ್ಚು ಮಂದಿ ಬಲಿಯಾದರು.’

ಕೇಳುವುದು ಇಷ್ಟು. ಅಪಾಯವೋ ಅಪಾಯಕಾರಿಯೋ ಗಂಡಾಂತರವೋ? ಲೆ ಮಾನ್ ನಡೆದದ್ದು ಅಪಘಾತವೋ ದುರಂತವೋ? ‘ಬಲಿ’ ಇರಬಹುದೇ? ಹಾದಿ ತಪ್ಪಿದ ಕಾರು ನುಗ್ಗಿ ನಿಲ್ಲಲೆಂದು ತಿರುವಿನ ಹೊರಗೆ ಬಿಡುವ ಖಾಲಿ ಜಾಗಕ್ಕೆ ಏನೆನ್ನಬೇಕು?

ಗಂಗಾವತಿಯಿಂದ, ಅದೇ ರಾತ್ರಿ

ಅಪಾಯ, ಪ್ರಮಾದ, ಅಪಘಾತ, ದುರಂತ, ಬಲಿ. ಐದಕ್ಕೆ ಐದೂ ಸಂಸ್ಕೃತ. ಕನ್ನಡದಲ್ಲಿ ಬೋರ್ಡು ಬೇಕೆಂದು ಹೊಲದವರು ಕೇಳಿದ್ದು ಸುಮ್ಮನೆಯೇ?

ಕುತ್ತು ಎನ್ನಿ. ‘ಜೀವಕ್ಕೆ ಕುತ್ತು’ ಎಂದರೆ ಅರ್ಥವಾಗದವರು ಯಾರಿದ್ದಾರೆ? ಹಳಗನ್ನಡದ ‘ಕುತ್ತ’ ರೋಗವನ್ನು ಹೇಳುತ್ತಿತ್ತು. ಕುತ್ತು ಎಂದರೆ ಚುಚ್ಚು, ಅಲ್ಲಿಂದ ಬಂದದ್ದು. ಅಪಾಯ ಹೊರಗಿನಿಂದ ಚುಚ್ಚುವಂಥದು, ಪದವೇ ಹೇಳುತ್ತದೆ. ಮೋಟಾರ್ ರೇಸಿಗೆ ‘ಬಂಡಿಯೋಟ’ ಸಾಕು.

ರಾಯಚೂರಿನಿಂದ

ಕುತ್ತು ಒಂಟಿಯಾಗಿ ನಿಲ್ಲುವ ಪದವಲ್ಲ. ಅದಕ್ಕೆ ಚತುರ್ಥಿ ಬೇಕು: ಜೀವಕ್ಕೆ ಕುತ್ತು, ಮಾನಕ್ಕೆ ಕುತ್ತು. ‘ಬಂಡಿಯೋಟ ಕುತ್ತು’ ಎಂದು ಬರೆದರೆ ಬಂಡಿಯೋಟವನ್ನು ಚುಚ್ಚು ಎಂದಾಗುತ್ತದೆ. ಮೇಲಾಗಿ ಬಳ್ಳಾರಿಯಲ್ಲಿ ಬಂಡಿಯೋಟ ಎಂದು ಬರೆದರೆ ಜನ ಎತ್ತು ಹೊಡೆದುಕೊಂಡು ಬರುತ್ತಾರೆ.

ಈಗ ಅಪಾಯ. ಇದನ್ನು ಬೈಯುವ ಮೊದಲು ಬಿಡಿಸಿ ನೋಡಬೇಕು. ‘ಅಪ’ ಎಂದರೆ ಆಚೆಗೆ, ‘ಇ’ ಧಾತುವಿಗೆ ಹೋಗುವ ಅರ್ಥ. ಅಪಾಯವೆಂದರೆ ಬಿಟ್ಟು ಹೋಗುವುದು, ದೂರ ಸರಿಯುವುದು. ಸಮೀಪಿಸುವುದು ಉಪಾಯ, ಅದರ ಜೋಡಿಯೇ ಇದು. ರೇಸಿನ ಚರಿತ್ರೆಯಲ್ಲಿ ಕಾರು ದಾರಿ ಬಿಟ್ಟು ಹೋದದ್ದಲ್ಲದೆ ಬೇರೇನಿದೆ? 1957ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಗ್ವಿದಿತ್ಸೋಲೊ ಊರಿನ ಬಳಿ ಪೋರ್ಟಾಗೊನ ಫೆರಾರಿ ಟೈರು ಸಿಡಿದು ದಾರಿ ಬಿಟ್ಟಿತು. ಅವನು, ಜೊತೆಗಾರ ನೆಲ್ಸನ್, ರಸ್ತೆ ಬದಿಯಲ್ಲಿ ನಿಂತಿದ್ದ ಒಂಬತ್ತು ಜನ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. 1961ರಲ್ಲಿ ಮೊಂಜಾದಲ್ಲಿ ಫಾನ್ ಟ್ರಿಪ್ಸ್‌ನ ಕಾರು ಬದಿಯ ದಿಬ್ಬವೇರಿ ಜನರ ಮೇಲೆ ಹೋಯಿತು. ಅಕ್ಷರಶಃ ಅಪಾಯ! ಖಾಲಿ ಜಾಗಕ್ಕೂ ‘ಅಪಾಯಭೂಮಿ’ ಎನ್ನಿ, ಒಂದೇ ಬೇರಿನಿಂದ ಎರಡು ಕೆಲಸ.

ಪ್ರಮಾದವೂ ಅಷ್ಟೇ. ‘ಮದ’ದ ಧಾತು. ಮೈಮರೆವು ಅದರ ಮೂಲ. ಕನ್ನಡ ಕಾರಣವನ್ನು ಹಿಡಿದು ತಪ್ಪು ಎಂದಿತು, ತೆಲುಗು ಫಲವನ್ನು ಹಿಡಿದು ಅಪಾಯ ಎಂದಿತು. ನಿಮ್ಮ ಪೇಂಟರ್ ಹೆಡ್ಡನಲ್ಲ.

ಗಂಡಾಂತರ ಬೇಡ. ಅದರಲ್ಲಿ ಜೋಯಿಸರ ‘ಗಂಡಾಂತ’ದ ನೆರಳಿದೆ, ಜಲರಾಶಿ ಮುಗಿದು ಅಗ್ನಿರಾಶಿ ಶುರುವಾಗುವ ಸಂಧಿ. ಹುಡುಗರ ಜಾತಕದಲ್ಲಿ ವಾಹನಗಂಡ ಇದೆ ಎಂದು ಬೋರ್ಡು ಬರೆಸಿದಂತಾಗುತ್ತದೆ.

ಸಿಂಧನೂರಿನಿಂದ

ವ್ಯಾಕರಣ ನನಗೆ ಅಷ್ಟಾಗಿ ಬಾರದು. ರೇಸ್ ನೋಡುತ್ತೇನೆ, ಎಂಜಿನಿಯರ್. ರಾಯಚೂರಿನವರ ವ್ಯುತ್ಪತ್ತಿ ಕೇಳಲು ಸೊಗಸು, ಲೆ ಮಾನ್‌ಗೆ ಅನ್ವಯಿಸುವುದಿಲ್ಲ.

ಅಲ್ಲಿ ಆದದ್ದು ಇದು. ಜಾಗ್ವಾರ್ ಓಡಿಸುತ್ತಿದ್ದ ಮೈಕ್ ಹಾಥಾರ್ನ್, ಲ್ಯಾನ್ಸ್ ಮ್ಯಾಕ್ಲಿನ್‌ನ ಆಸ್ಟಿನ್ ಹೀಲಿಯನ್ನು ಹಿಂದಿಕ್ಕಿ ಒಡನೆಯೇ ಪಿಟ್‌ಗೆ (ಇಂಧನ, ಟೈರಿಗೆಂದು ಕಾರು ನಿಲ್ಲಿಸುವ ಜಾಗ) ಬರಲು ಬ್ರೇಕ್ ಹಾಕಿದ. ಮ್ಯಾಕ್ಲಿನ್ ಎಡಕ್ಕೆ ಎಳೆದ. ಹಿಂದೆ ಬರುತ್ತಿದ್ದ ಲೆವೆಗೆ ಸಮಯ ಸಿಗಲಿಲ್ಲ. ಅವನ ಮರ್ಸಿಡಿಸ್ ಹೀಲಿಯ ಇಳಿಜಾರಾದ ಹಿಂಭಾಗವನ್ನೇ ಏರುದಿಬ್ಬ ಮಾಡಿಕೊಂಡು ಹಾರಿ ಮಣ್ಣಿನ ಒಡ್ಡಿಗೆ ಬಡಿಯಿತು. ಎಂಜಿನ್, ಬಾನೆಟ್, ಮುಂದಿನ ಆ್ಯಕ್ಸಲ್ ಜನರ ನಡುವೆ ಹೊಕ್ಕವು. ಬಾಡಿ ಮೆಗ್ನೀಸಿಯಂ ಮಿಶ್ರಲೋಹದ್ದು. ನೀರು ಸುರಿದಷ್ಟೂ ಬೆಂಕಿ ಹೆಚ್ಚಾಯಿತು. ಜನ ಒಟ್ಟಿಗೆ ಹೊರಟರೆ ಆಂಬ್ಯುಲೆನ್ಸ್‌ಗೆ ದಾರಿ ಕಟ್ಟಿಹೋಗುತ್ತದೆ ಎಂದು ರೇಸನ್ನು ನಿಲ್ಲಿಸಲಿಲ್ಲ. ಮರ್ಸಿಡಿಸ್ ತಂಡ ರಾತ್ರಿಯೇ ಹಿಂದೆ ಸರಿಯಿತು. ಗೆದ್ದವನು ಹಾಥಾರ್ನ್. ಮುಂದೆ ಸ್ವಿಟ್ಜರ್ಲೆಂಡ್ ಟ್ರ್ಯಾಕ್ ರೇಸನ್ನೇ ನಿಷೇಧಿಸಿತು.

ಸರ್ಕಾರಿ ವಿಚಾರಣೆಯಲ್ಲಿ ಯಾವ ಚಾಲಕನನ್ನೂ ತಪ್ಪಿತಸ್ಥ ಎನ್ನಲಿಲ್ಲ. ಆ ವೇಗದ ಕಾರುಗಳಿಗೆ ಆ ಹಳೆಯ ಟ್ರ್ಯಾಕ್ ಸಾಲದು ಎಂಬುದೇ ನಿಲುವು. ಪಿಟ್‌ಗೆ ಬೇರೆ ದಾರಿ ಇರಲಿಲ್ಲ, ಜನರಿಗೂ ಕಾರಿಗೂ ನಡುವೆ ಇದ್ದದ್ದು ಒಂದು ಮಣ್ಣಿನ ಒಡ್ಡು. ಅಂದರೆ ನಿಮ್ಮ ಕನ್ನಡದ ಅರ್ಥದಲ್ಲಿ ಪ್ರಮಾದ ಚಾಲಕನದಲ್ಲ, ನೆಲದ್ದು. ಬೋರ್ಡಿನಲ್ಲಿ ಇದನ್ನು ಬರೆಯಿರಿ, ವ್ಯುತ್ಪತ್ತಿಯನ್ನಲ್ಲ.

ಖಾಲಿ ಜಾಗಕ್ಕೆ ‘ಅಪಾಯಭೂಮಿ’ ಎಂದರೆ ಅರ್ಥ ತಲೆಕೆಳಗು. ಕಾರಿಗೆ ಅದು ಕ್ಷೇಮದ ಜಾಗ. ಜಲ್ಲಿ ಹರಡಿ ಕಾರಿನ ಓಟ ತಗ್ಗಿಸುವ ಜಾಗವಾದರೆ ‘ಗರಸಿನ ಪಟ್ಟಿ’ ಎನ್ನಿ, ನಮ್ಮ ಕಡೆ ಗರಸು ಎಂದರೆ ಎಲ್ಲರಿಗೂ ಗೊತ್ತು. ಟ್ರ್ಯಾಕ್ ಬದಿ ಕಾಯುವ ಮಾರ್ಷಲ್, ಚಾಲಕನ ಕೊರಳು ಕಾಯುವ ಹಾನ್ಸ್, ತಲೆ ಕಾಯುವ ಹೇಲೋ, ಈ ಇಂಗ್ಲಿಷ್ ಹೆಸರುಗಳನ್ನು ಮಾತ್ರ ಮುಟ್ಟಬೇಡಿ.

ರಾಯಚೂರಿನಿಂದ

ಹೇಲೋಗೆ ‘ಪ್ರಭಾವಳಿ’ ಸಿದ್ಧವಾಗಿಯೇ ಇದೆಯಲ್ಲ! ದೇವರ ತಲೆಯ ಸುತ್ತಲಿನ ಬೆಳಕು. ಇಂಗ್ಲಿಷಿನವರೂ ಅದೇ ಚಿತ್ರದಿಂದ ಹೆಸರಿಟ್ಟಿದ್ದು.

ಸಿಂಧನೂರಿನಿಂದ

ಪ್ರಭಾವಳಿ ಮೂರ್ತಿಯ ಬೆನ್ನಿಗಿರುತ್ತದೆ. ಇದು ಮುಖದ ಮುಂದೆ ಕಂಬ ನೆಟ್ಟು ತಲೆಯ ಸುತ್ತ ಬಳಸಿದ ಟೈಟಾನಿಯಂ ಚೌಕಟ್ಟು. ತೂಕ ಏಳು ಕಿಲೊ. 2014ರಲ್ಲಿ ಜಪಾನಿನ ಸುಜುಕಾದಲ್ಲಿ ಫಾರ್ಮುಲಾ ಒನ್ ಚಾಲಕ ಜೂಲ್ಸ್ ಬಿಯಾಂಕಿಯ ಕಾರು ಟ್ರ್ಯಾಕ್ ಬದಿಯ ಕ್ರೇನಿಗೆ ಗುದ್ದಿತು. ಮರುವರ್ಷ ಅವನು ತೀರಿಕೊಂಡ. ತಲೆಗೆ ರಕ್ಷಣೆ ಬೇಕೆಂಬ ಮಾತು ಬಲವಾಗಿ 2018ರಲ್ಲಿ ಫಾರ್ಮುಲಾ ಒನ್‌ನಲ್ಲಿ ಹೇಲೋ ಕಡ್ಡಾಯವಾಯಿತು. ಅಂದವಿಲ್ಲ ಎಂದು ಮೂಗು ಮುರಿದವರೇ ಹೆಚ್ಚು. 2020ರಲ್ಲಿ ಬಹ್ರೇನ್‌ನಲ್ಲಿ ಗ್ರೋಜಾನ್‌ನ ಕಾರು ಕಬ್ಬಿಣದ ತಡೆಗೋಡೆ ಸೀಳಿ ಎರಡು ತುಂಡಾಗಿ ಹೊತ್ತಿಕೊಂಡಾಗ ಅವನ ತಲೆ ಉಳಿಸಿದ್ದು ಅದೇ. ಬೆಂಕಿಯೊಳಗಿಂದ ಎದ್ದು ಬರಲು ಅವನಿಗೆ ಹಿಡಿದದ್ದು 28 ಸೆಕೆಂಡ್. ಇದಕ್ಕೆ ಪ್ರಭಾವಳಿ ಎಂದರೆ ಮಂಗಳಾರತಿ ಎತ್ತಬೇಕಾಗುತ್ತದೆ.

ಗಂಗಾವತಿಯಿಂದ

ಹಾನ್ಸ್ ಎಂದರೆ ಹೆಗಲ ಮೇಲೆ ಕೂರುವ ಪಟ್ಟಿಯಲ್ಲವೇ? ಅದಕ್ಕೆ ಹೆಲ್ಮೆಟ್ಟನ್ನು ಬಿಗಿದಿರುತ್ತಾರೆ, ಕಾರು ಗಕ್ಕನೆ ನಿಂತಾಗ ತಲೆ ಮುಂದಕ್ಕೆ ಚಿಮ್ಮಿ ಬುರುಡೆಯ ಬುಡ ಒಡೆಯದಿರಲಿ ಎಂದು. ಹೆಗಲ ಮೇಲೆ ಕೂತು ಕೊರಳನ್ನು ಹಿಡಿಯುವುದಕ್ಕೆ ನಮ್ಮಲ್ಲಿ ಸಾವಿರ ವರ್ಷದಿಂದ ಹೆಸರಿದೆ: ನೊಗ. ಮುಟ್ಟಬೇಡಿ ಎನ್ನುವವರು ಇದಕ್ಕೆ ಉತ್ತರ ಹೇಳಲಿ.

ಸಿಂಧನೂರಿನಿಂದ

ನೊಗ ಚೆನ್ನಾಗಿದೆ, ಒಪ್ಪಿದೆ. 2001ರಲ್ಲಿ ಅಮೆರಿಕದ ಡೇಟೋನಾ ರೇಸಿನಲ್ಲಿ ಚಾಲಕ ಅರ್ನ್‌ಹಾರ್ಟ್ ಸತ್ತದ್ದು ನೀವು ಹೇಳಿದ ಆ ಗಾಯದಿಂದಲೇ. ಅವನು ಹಾನ್ಸ್ ಹಾಕಿರಲಿಲ್ಲ. ಉಳಿದದ್ದನ್ನು ಒಪ್ಪಲಿಲ್ಲ.

ಕೊಪ್ಪಳದಿಂದ

ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಶೀರ್ಷಿಕೆ ಕೊಟ್ಟವಳು ನಾನು. ಬಳ್ಳಾರಿಯವರ ಎರಡು ಪ್ರಶ್ನೆಗಳಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ವಾಹನ ಡಿಕ್ಕಿಯಾದರೆ ಅಪಘಾತ. ಸಿಲಿಂಡರ್, ಶಾರ್ಟ್ ಸರ್ಕ್ಯೂಟ್ ಆದರೆ ಅವಘಡ. ದುರಂತ ಎನ್ನುವುದು ಘಟನೆಯ ಹೆಸರಲ್ಲ, ಫಲದ ಹೆಸರು. ಆದ್ದರಿಂದ ‘ಲೆ ಮಾನ್ ದುರಂತ’ ಸರಿ, ‘ಸೆನ್ನಾ ಅಪಘಾತದಲ್ಲಿ ಮೃತಪಟ್ಟರು’ ಸರಿ. 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಫಾರ್ಮುಲಾ ಒನ್ ಚಾಲಕ ಸೆನ್ನಾ ಸತ್ತದ್ದು ಎಲ್ಲರಿಗೂ ನೆನಪಿದೆ, ಹಿಂದಿನ ದಿನ ಅದೇ ಟ್ರ್ಯಾಕಿನಲ್ಲಿ ಸತ್ತ ರಾಟ್ಜೆನ್‌ಬರ್ಗರ್ ಯಾರಿಗೂ ನೆನಪಿಲ್ಲ. ‘80 ಸಾವುನೋವು’ ಎಂದು ಮಾತ್ರ ಯಾರೂ ಬರೆಯಬೇಡಿ. ನೋವು ಗಾಯಾಳುಗಳ ಲೆಕ್ಕ.

ಬಲಿ ನನಗೆ ಬೇಡ. ‘ಅಪಘಾತಕ್ಕೆ ಮೂವರು ಬಲಿ’ ಎಂದು ನಾನೇ ನೂರು ಸಲ ಬರೆದಿದ್ದೇನೆ, ಒಂದು ಕಾಲಂಗೆ ಚೆನ್ನಾಗಿ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ. ಆ ‘-ಕ್ಕೆ’ ನೋಡಿ. ದೇವಿಗೆ ಬಲಿ ಎನ್ನುವಾಗಿನ ಚತುರ್ಥಿಯೇ ಅದು. ಸ್ವೀಕರಿಸುವವರು ಅಪಘಾತವಾಗುತ್ತಾರೆ, ಕೊಟ್ಟವರು ಯಾರೆಂದು ವಾಕ್ಯ ಹೇಳುವುದಿಲ್ಲ. 1973ರಲ್ಲಿ ನೆದರ್ಲೆಂಡ್ಸ್‌ನ ಝಾಂಡ್‌ವೂರ್ಟ್ ಟ್ರ್ಯಾಕಿನಲ್ಲಿ ರೋಜರ್ ವಿಲಿಯಮ್ಸನ್ ಮಗುಚಿದ ಕಾರಿನಡಿ ಸಿಕ್ಕಿಕೊಂಡು ಉರಿಯುತ್ತಿದ್ದಾಗ ಡೇವಿಡ್ ಪರ್ಲಿ ತನ್ನ ರೇಸ್ ಬಿಟ್ಟು ಓಡಿ ಬಂದು ಒಬ್ಬನೇ ಆ ಕಾರನ್ನು ಎತ್ತಲು ನೋಡಿದ. ಮಾರ್ಷಲ್‌ಗಳ ಮೈಮೇಲೆ ಬೆಂಕಿ ತಡೆಯುವ ಬಟ್ಟೆಯಿರಲಿಲ್ಲ, ಅವರು ಹತ್ತಿರ ಬರಲಾಗಲಿಲ್ಲ. ಉಳಿದ ಕಾರುಗಳು ಪಕ್ಕದಲ್ಲೇ ಓಡುತ್ತಿದ್ದವು. ಇದಕ್ಕೆ ‘ಬೆಂಕಿಗೆ ಬಲಿ’ ಎಂದು ಬರೆದರೆ ಬಟ್ಟೆ ಕೊಡದವರು ಶೀರ್ಷಿಕೆಯಿಂದ ನುಸುಳಿಕೊಂಡರು. ‘ಸತ್ತರು’ ಎನ್ನಿ. ಅದು ಅಚ್ಚಗನ್ನಡ ಕೂಡ, ಗಂಗಾವತಿಯವರಿಗೂ ತೃಪ್ತಿ.

ಗಂಗಾವತಿಯಿಂದ

ಮೇಡಂ ಹೇಳಿದ್ದು ಸರಿ. ಮಾರ್ಷಲ್‌ಗೆ ‘ಕಾವಲಿಗ’ ಎನ್ನಬಹುದು.

ಕೊಪ್ಪಳದಿಂದ

ಬೇಡ. ವಿಧಾನಸಭೆಯಿಂದ ಶಾಸಕರನ್ನು ಹೊತ್ತೊಯ್ಯುವವರು ಮಾರ್ಷಲ್‌ಗಳೆಂದು ಟಿವಿ ನೋಡುವ ಅಜ್ಜಿಗೂ ಗೊತ್ತು. 1977ರಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಟ್ರ್ಯಾಕ್ ದಾಟುತ್ತಿದ್ದ ಹತ್ತೊಂಬತ್ತರ ಮಾರ್ಷಲ್ ಹುಡುಗ, ಯಾನ್ಸೆನ್ ಫಾನ್ ಫ್ಯೂರೆನ್, ಟಾಮ್ ಪ್ರೈಸ್‌ನ ಕಾರಿಗೆ ಸಿಕ್ಕಿ ಸತ್ತ. ಆ ಸಿಲಿಂಡರ್ ಬಡಿದು ಪ್ರೈಸ್ ಕೂಡ ಸತ್ತ. ಕಾವಲಿಗ ಎಂದರೆ ಹೊಲದ ಗುಡಿಸಲಲ್ಲಿ ಕೂತವನು ಕಾಣುತ್ತಾನೆ, ಇವನು ಕಾಣುವುದಿಲ್ಲ.

ರಾಯಚೂರಿನಿಂದ

ಹಾಗಾದರೆ ರೂಢಿಯೇ ಪ್ರಮಾಣವೇ? ರೂಢಿ ಎಂದರೆ ನಮ್ಮೂರಿನಲ್ಲಿ ‘ಖತರಾ’ ಕೂಡ ರೂಢಿ. 1948ರವರೆಗೆ ನಿಜಾಮರ ಕಚೇರಿಯ ಉರ್ದು ಕೇಳಿದ ಸೀಮೆ ಇದು. ‘ಖತರ್ನಾಕ್’ ಈಗ ಹೊಗಳಿಕೆಯಾಗಿದೆ. ಮರಾಠಿಯಲ್ಲಿ ‘ಧೋಕಾ’ ಎಂದರೆ ಅಪಾಯ, ನಮ್ಮಲ್ಲಿ ಮೋಸ. ಗಡಿ ದಾಟಿದ ಪದ ಅರ್ಥವನ್ನು ಸುಂಕದ ಕಟ್ಟೆಯಲ್ಲಿ ಬಿಟ್ಟು ಬರುತ್ತದೆ. ಎರವಲಿನ ಕಾಯಿಲೆಯೇ ಇದು, ಸಂಸ್ಕೃತ ಒಂದೇ ಎಲ್ಲ ಕಡೆಗೂ ಸಮ.

ಗಂಗಾವತಿಯಿಂದ

ಸಮವೇ? ಈ ಎಳೆ ಶುರುವಾದದ್ದೇ ‘ಪ್ರಮಾದ’ ಎರಡು ಕಡೆ ಎರಡು ಅರ್ಥ ಕೊಟ್ಟಿತು ಎಂದು. ಅದು ಸಂಸ್ಕೃತವಲ್ಲವೇ? ನಿಮ್ಮ ಸುಂಕದ ಕಟ್ಟೆಯಲ್ಲಿ ಮೊದಲು ಸಿಕ್ಕಿಬಿದ್ದದ್ದು ಅದೇ.

ಇನ್ನೊಂದು. ಖಾಲಿ ಜಾಗಕ್ಕೆ ‘ಬೀಳು’ ಎನ್ನಿ. ಬೀಳು ಬಿಟ್ಟ ನೆಲ, ಬೀಳುವ ನೆಲ. ಎರಡೂ ಅರ್ಥ ಒಂದೇ ಪದದಲ್ಲಿ.

ಬಳ್ಳಾರಿಯಿಂದ, ಶನಿವಾರ ಬೆಳಿಗ್ಗೆ

ಪೇಂಟರ್ ಏಳೂವರೆಗೇ ಬಂದು ಚಹಾ ಕುಡಿದು ಕೂತಿದ್ದಾನೆ. ‘ಬೀಳು’ ನನಗೆ ತುಂಬ ಹಿಡಿಸಿತು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿಯೂ ನೋಡಿದೆ. ದೂರದಿಂದ ಓದಿದ ಅಕ್ಕನ ಮಗ ‘ಯಾರಿಗೆ ಹೇಳುತ್ತಿದ್ದೀರಿ ಮಾಮ?’ ಎಂದ. ಅದು ಆಜ್ಞೆಯಂತೆ ಓದಿಸಿಕೊಳ್ಳುತ್ತದೆ. ಗರಸಿನ ಪಟ್ಟಿ ಎಂದೂ ಬರೆಯುವಂತಿಲ್ಲ, ನಮ್ಮದು ಎರೆಹೊಲ.

ಕೊನೆಗೆ ‘ಮೋಟಾರ್ ರೇಸ್ ಅಪಾಯಕಾರಿ. ಹಗ್ಗದ ಆಚೆ ನಿಲ್ಲಬೇಡಿ’ ಎಂದು ಕೊಟ್ಟೆ. ಲೆ ಮಾನ್ ಬೋರ್ಡಿನಲ್ಲಿ ‘ದುರಂತದಲ್ಲಿ 80ಕ್ಕೂ ಹೆಚ್ಚು ಮಂದಿ ಸತ್ತರು, ಅವರೆಲ್ಲ ನೋಡಲು ನಿಂತವರು’ ಎಂದಿದೆ.

ಕೊಪ್ಪಳದಿಂದ

‘ಅವರೆಲ್ಲ’ ತಪ್ಪು, ಲೆವೆಯೂ ಸತ್ತ. ‘ಒಬ್ಬ ಚಾಲಕನನ್ನು ಬಿಟ್ಟರೆ’ ಸೇರಿಸಿ. ಇನ್ನು ‘ಆಚೆ’ ಯಾರ ಆಚೆ? ಓದುವವನು ಹಗ್ಗದ ಯಾವ ಬದಿಯಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಅರ್ಥ ತಿರುಗುತ್ತದೆ. ಈಗಾಗಲೇ ಟ್ರ್ಯಾಕಿನ ಬದಿಗೆ ನುಸುಳಿದವನಿಗೆ ನೀವು ಜಾಗ ಬಿಟ್ಟು ಬರಬೇಡ ಎಂದಂತಾಯಿತು. ‘ಹಗ್ಗ ದಾಟಬೇಡಿ’ ಎನ್ನಿ.

ಬಳ್ಳಾರಿಯಿಂದ

ದೊಡ್ಡ ಉಪಕಾರವಾಯಿತು ಮೇಡಂ. ಎರಡನ್ನೂ ತಿದ್ದಿಸಿದೆ.

ಗಂಗಾವತಿಯಿಂದ

‘ದಾಟಬೇಡಿ’ ಒಳ್ಳೆಯ ಕನ್ನಡ. ‘ರೇಸ್’ ಏಕೆ ಉಳಿಯಿತು? ಓಟ ಎನ್ನಬಹುದಿತ್ತು.

ಬಳ್ಳಾರಿಯಿಂದ

ಪೇಂಟ್ ಒಣಗಿದೆ, ಸರ್.