ಮೊಣಕೈ ಬಿಜಾಗರಿ ಥರ ಅಂದ್ರೆ ಅಂಗೈ ತಿರುಗೋದು ಎಲ್ಲಿಂದ?

ಸುಮಾ_ಹಾಸನ:
ಎಲ್ರಿಗೂ ನಮಸ್ಕಾರ. ಮಗನಿಗೆ ವಿಜ್ಞಾನ ಓದಿಸ್ತಾ ಇದ್ದೆ, ಅದ್ರಲ್ಲಿ ಮೊಣಕೈ ಹಿಂಜ್ ಜಾಯಿಂಟ್, ಬಾಗಿಲಿನ ಬಿಜಾಗರಿ ಥರ ಮಡಚೋದು ಬಿಚ್ಚೋದು ಅಷ್ಟೇ ಅಂತಿದೆ. ಅವ್ನು ಮೊಣಕೈನ ಟೇಬಲ್ ಮೇಲೆ ಊರಿ ಅಂಗೈನ ಆಕಡೆ ಈಕಡೆ ತಿರುಗಿಸಿ, ಹಾಗಾದ್ರೆ ಇದು ಎಲ್ಲಿ ತಿರುಗ್ತಿದೆ ಅಂತ ಕೇಳ್ತಾನೆ. ನೋಡಿದ್ರೆ ಮಣಿಕಟ್ಟು ಒಂದೇ ಅಲ್ಲ, ಮುಂಗೈ ಪೂರ್ತಿ ತಿರುಗ್ತಿದೆ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಫಿಸಿಯೋ_ದಾವಣಗೆರೆ:
ಸುಮಾ ಅವ್ರೆ, ಮಗ ಬಹಳ ಒಳ್ಳೆ ಪ್ರಶ್ನೆ ಕೇಳಿದಾನೆ. ಮುಂಗೈಲಿ ಇರೋದು ಎರಡು ಮೂಳೆ, ಕಿರುಬೆರಳಿನ ಕಡೆ ಅಲ್ನಾ, ಹೆಬ್ಬೆರಳಿನ ಕಡೆ ರೇಡಿಯಸ್. ನಾವು ಟೇಬಲ್ ಮೇಲೆ ಊರೋ ಮೊಣಕೈ ಚೂಪು ಇದ್ಯಲ್ಲ ಅದು ಅಲ್ನಾದ ತುದಿ, ಅದು ತೋಳಿನ ಮೂಳೆನ ಕಚ್ಕೊಂಡಿರುತ್ತೆ, ಹಾಗಾಗಿ ಮಡಚೋದು ಬಿಟ್ರೆ ಅದಕ್ಕೆ ಬೇರೆ ದಾರಿ ಇಲ್ಲ. ಪುಸ್ತಕ ಹೇಳಿರೋದು ಇದನ್ನ. ಆದ್ರೆ ಪಕ್ಕದಲ್ಲೇ ರೇಡಿಯಸ್‌ನ ಮೇಲ್ತುದಿ ದುಂಡಗೆ ಚಪ್ಪಟೆಯಾಗಿದೆ, ಅದರ ಸುತ್ತ ಉಂಗುರದಂಥ ಲಿಗಮೆಂಟ್ (ಮೂಳೆಗಳನ್ನ ಹಿಡಿದಿಡೋ ಗಟ್ಟಿ ಪಟ್ಟಿ) ಅಲ್ನಾಗೆ ಅಂಟ್ಕೊಂಡಿರುತ್ತೆ, ಆ ಉಂಗುರದೊಳಗೆ ರೇಡಿಯಸ್ ಇದ್ದಲ್ಲೇ ಉರುಳುತ್ತೆ. ಕೆಳಗಡೆ ಮಾತ್ರ ಅದು ಅಲ್ನಾನ ಸುತ್ಕೊಂಡು ಆಚೆ ಹೋಗುತ್ತೆ, ಮಣಿಕಟ್ಟು ಅಂಗೈ ಎಲ್ಲಾ ಅದ್ರ ಜೊತೆಗೇ ಹೋಗುತ್ತೆ. ಅಂಗೈ ಮೇಲಕ್ಕಿದ್ದಾಗ ಎರಡೂ ಮೂಳೆ ಪಕ್ಕಪಕ್ಕ, ಕೆಳಗೆ ಮಾಡಿದ್ರೆ ರೇಡಿಯಸ್ ಅಲ್ನಾ ಮೇಲೆ ಅಡ್ಡ ಬರುತ್ತೆ.

ಮಗನಿಗೆ ಮುಟ್ಟಿ ನೋಡೋಕೆ ಹೇಳಿ. ಮೊಣಕೈ ಮಡಚಿ, ಹೊರಗಡೆ ಒಂದು ಉಬ್ಬು ಸಿಗುತ್ತಲ್ಲ, ಅದರಿಂದ ಸ್ವಲ್ಪ ಮುಂದೆ, ಮಣಿಕಟ್ಟಿನ ಕಡೆಗೆ ಬೆರಳಿಟ್ಟು ಅಂಗೈ ತಿರುಗಿಸ್ಲಿ, ಬೆರಳಡಿ ರೇಡಿಯಸ್‌ನ ತಲೆ ಉರುಳೋದು ಗೊತ್ತಾಗುತ್ತೆ. ಮೊಣಕೈನ ಮೈಗೆ ಒತ್ತಿಟ್ಕೊಂಡೇ ಮಾಡ್ಬೇಕು, ಕೈ ನೇರ ಮಾಡಿದ್ರೆ ಭುಜನೂ ಜೊತೆಗೆ ತಿರುಗಿಬಿಡುತ್ತೆ. ಮುಂಗೈ ಒಂದೇ ಆದ್ರೆ ಒಂದೊಂದು ಕಡೆಗೂ ಸುಮಾರು 80 ಡಿಗ್ರಿ ತಿರುಗುತ್ತೆ.

ವುಡ್‌ವರ್ಕ್_ಮೈಸೂರು:
ಸೂಪರ್ ವಿವರಣೆ ಸರ್. ಬಲಗೈಲಿ ಸ್ಕ್ರೂ ಟೈಟ್ ಮಾಡೋವಾಗ ಬಲ ಚೆನ್ನಾಗಿ ಬೀಳುತ್ತೆ, ಬಿಚ್ಚೋವಾಗ ಅಷ್ಟು ಬರಲ್ಲ, ಅದೂ ಇದಕ್ಕೇನಾ?

ಫಿಸಿಯೋ_ದಾವಣಗೆರೆ:
ಹೌದು ಸರ್, ಅದೇ. ತೋಳಿನ ಮುಂಭಾಗದ ಸ್ನಾಯು ಬೈಸೆಪ್ಸ್‌ನ ಕೆಳತುದಿ ಅಂಟಿರೋದು ರೇಡಿಯಸ್‌ಗೆ, ಅದೂ ಒಳಮಗ್ಗುಲಿಗೆ. ಅಂಗೈ ಕೆಳಗಿದ್ದಾಗ ಅದು ಮೂಳೆಗೆ ಸುತ್ಕೊಂಡಿರುತ್ತೆ, ಎಳೆದಾಗ ಆ ಸುತ್ತು ಬಿಚ್ಕೊಂಡು ಮೂಳೆನ ಉರುಳಿಸಿ ಅಂಗೈನ ಮೇಲಕ್ಕೆ ತಿರುಗಿಸುತ್ತೆ. ಬಲಗೈಲಿ ಸ್ಕ್ರೂ ಟೈಟ್ ಮಾಡೋ ದಿಕ್ಕು ಇದೇ. ಎಡಗೈನ ಬಲತೋಳಿನ ಮೇಲಿಟ್ಟು ಸ್ಕ್ರೂಡ್ರೈವರ್ ತಿರುಗಿಸಿ ನೋಡಿ, ಬೈಸೆಪ್ಸ್ ಗಟ್ಟಿಯಾಗುತ್ತೆ. ಮೊಣಕೈ 90 ಡಿಗ್ರಿ ಮಡಚಿದ್ರೆ ಅದಕ್ಕೆ ಹಿಡಿತ ಚೆನ್ನಾಗಿ ಸಿಗುತ್ತೆ, ಅದಕ್ಕೇ ಕೈ ಚಾಚಿ ಟೈಟ್ ಮಾಡೋದು ಕಷ್ಟ.

ಅನು_ಶಿರಸಿ:
ನಮ್ಮ ಅಕ್ಕನ ಮಗಳು, 2 ವರ್ಷದ ಕೂಸು, ಕೈ ಹಿಡಿದು ಮೆಟ್ಟಿಲು ಎತ್ತಿ ಹತ್ತಿಸೋವಾಗ ಕಿರುಚ್ತು, ಆಮೇಲೆ ಆ ಕೈ ಆಡಿಸ್ಲೇ ಇಲ್ಲ. ಡಾಕ್ಟ್ರು ಮುಂಗೈ ಸ್ವಲ್ಪ ತಿರುಗಿಸಿ ಮಡಚಿದ್ರು, ಸ್ವಲ್ಪ ಹೊತ್ತಲ್ಲೇ ಆಟ ಶುರು. ಆ ಉಂಗುರದ್ದೇ ಕಥೆನಾ ಇದು?

ಫಿಸಿಯೋ_ದಾವಣಗೆರೆ:
ಅದೇ ಅನು ಅವ್ರೆ. ಸಣ್ಣ ಮಕ್ಕಳಲ್ಲಿ ಆ ಉಂಗುರದ ಹಿಡಿತ ಇನ್ನೂ ಸಡಿಲ, ಕೈ ಜೋರಾಗಿ ಎಳೆದ್ರೆ ಅದು ರೇಡಿಯಸ್ ತಲೆ ಮೇಲಿಂದ ಜಾರಿ ಸಂದಿಲಿ ಸಿಕ್ಕಾಕೊಳ್ಳುತ್ತೆ. 5 ವರ್ಷದೊಳಗಿನ ಮಕ್ಕಳಲ್ಲೇ ಇದು ಜಾಸ್ತಿ, ದೊಡ್ಡವರಾಗ್ತಾ ಲಿಗಮೆಂಟ್ ಗಟ್ಟಿಯಾಗುತ್ತೆ. ಮಗು ಕೈ ಇಳಿಬಿಟ್ಕೊಂಡು ಮುಟ್ಟೋಕೆ ಬಿಡಲ್ಲ, ಆದ್ರೆ ಸಾಮಾನ್ಯವಾಗಿ ಊತ ಇರಲ್ಲ. ಬಿದ್ದು ಊದಿಕೊಂಡಿದ್ರೆ ಮೂಳೆ ಮುರಿದಿರಬಹುದು, ಎಕ್ಸ್‌ರೇ ಬೇಕಾಗುತ್ತೆ, ಮನೇಲಿ ಎಳೆದು ಕೂರಿಸೋಕೆ ದಯವಿಟ್ಟು ಹೋಗ್ಬೇಡಿ. ಒಂದ್ಸಲ ಆದ ಮಗುಗೆ ಮತ್ತೆ ಆಗೋ ಚಾನ್ಸ್ ಇದೆ, ಅಕ್ಕನಿಗೆ ಹೇಳಿ, ಎತ್ತೋವಾಗ ಎರಡೂ ಕಂಕುಳಿಗೆ ಕೈ ಹಾಕಿ ಎತ್ಲಿ, ಮುಂಗೈ ಹಿಡಿದು ಗಿರಗಿರ ತಿರುಗಿಸೋ ಆಟನೂ ಬೇಡ.