ಒಡೆದ ದವಡೆ ಹಲ್ಲು: ಉಳಿಸುವುದಾ, ಕೀಳಿಸುವುದಾ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯಿಂದ):

ಡಾಕ್ಟ್ರೇ, ನಮಸ್ಕಾರ. ನನಗೆ 47 ವರ್ಷ. ಎಡಬದಿಯ ಕೆಳಗಿನ ಒಂದು ದವಡೆ ಹಲ್ಲಿಗೆ ಹದಿನೈದು ವರ್ಷದ ಹಿಂದೆ ಬೆಳ್ಳಿ ಬಣ್ಣದ ಸಿಮೆಂಟ್ ಹಾಕಿಸಿದ್ದೆ. ಇಷ್ಟು ದಿನ ಏನೂ ತೊಂದರೆ ಇರಲಿಲ್ಲ. ಹೋದ ತಿಂಗಳು ಜೋರು ಮಳೆ ಇದ್ದ ಒಂದು ಸಂಜೆ ಎಲ್ಲರೂ ಕೂತು ಸಾಂತಾಣಿ (ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೀಜ) ತಿನ್ನುತ್ತಿದ್ದೆವು. ಟಕ್ ಅಂತ ಶಬ್ದ ಆಯಿತು. ಬೀಜ ಒಡೆಯಿತು ಅಂದುಕೊಂಡೆ, ನೋಡಿದರೆ ಆ ಹಲ್ಲಿನ ನಾಲಿಗೆ ಕಡೆಯ ಒಂದು ಮೂಲೆಯೇ ಕೈಗೆ ಬಂತು. ಎರಡು ರಾತ್ರಿ ನಿದ್ದೆ ಇಲ್ಲ.

ಒಬ್ಬರು ಡಾಕ್ಟ್ರು ಎಕ್ಸ್‌ರೇ ತೆಗೆದು ರೂಟ್ ಕೆನಾಲ್ (ಬೇರಿನ ಒಳಗಿನ ನರ ತೆಗೆದು, ಶುಚಿ ಮಾಡಿ ತುಂಬುವುದು) ಮಾಡಿ ಕ್ಯಾಪ್ ಹಾಕೋಣ ಅಂದರು. ಮತ್ತೊಬ್ಬರ ಹತ್ತಿರ ಕೇಳಿದರೆ, ಇದು ನಿಲ್ಲುವುದಿಲ್ಲ, ತೆಗೆದು ಇಂಪ್ಲಾಂಟ್ (ಎಲುಬಿನಲ್ಲಿ ಕೂರಿಸುವ ಕೃತಕ ಹಲ್ಲು) ಹಾಕಿಸಿ ಅಂದರು. ಅತ್ತೆ ಹೇಳುತ್ತಾರೆ, ಕೀಳಿಸಿಬಿಡು, ನನಗೆ ಎಂಟು ಹಲ್ಲಿಲ್ಲ, ಎಂತ ಆಗಿದೆ ಅಂತ. ಈಗ ನೋವು ಸುಮಾರು ಕಡಿಮೆ ಆಗಿದೆ. ಹಾಗಾದರೆ ಸುಮ್ನೆ ಬಿಡಬಹುದಾ? ಚೀಟಿಯಲ್ಲಿ 36 ಅಂತ ಬರೆದಿದ್ದಾರೆ, ಅದು ಎಂತ ಅಂತಲೂ ಗೊತ್ತಾಗಲಿಲ್ಲ.

ದಂತವೈದ್ಯರ ಉತ್ತರ:

ಅಕ್ಕ, ಮೊದಲು ಆ 36ರ ವಿಷಯ ಹೇಳಿಬಿಡುತ್ತೇನೆ. ಅದು ಹಲ್ಲಿನ ವಿಳಾಸ. 3 ಅಂದರೆ ಎಡಬದಿಯ ಕೆಳಭಾಗ, 6 ಅಂದರೆ ನಡುವಿನಿಂದ ಎಣಿಸಿದರೆ ಆರನೆಯದು. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಹುಟ್ಟುವ ಮೊದಲ ಶಾಶ್ವತ ದವಡೆ ಹಲ್ಲು ಅದು. ಅಂದರೆ ನಲವತ್ತೊಂದು ವರ್ಷದಿಂದ ನಿಮಗಾಗಿ ಅಗಿಯುತ್ತಾ ಇದೆ. ಬಾಯಲ್ಲಿ ಅತಿ ಹೆಚ್ಚು ಭಾರ ಹೊರುವ ಹಲ್ಲುಗಳಲ್ಲಿ ಒಂದು. ಅದಕ್ಕೇ ಅದನ್ನು ಅವಸರದಲ್ಲಿ ತೆಗೆಸಬೇಡಿ ಅನ್ನುತ್ತೇನೆ.

ನೋವು ಕಡಿಮೆ ಆಯಿತು ಅಂತ ಹಲ್ಲು ಸರಿಯಾಯಿತು ಅಂತ ಅಲ್ಲ. ಒಳಗಿನ ನರ ಸತ್ತರೂ ನೋವು ನಿಲ್ಲುತ್ತದೆ. ಆಮೇಲೆ ಕೆಲವು ವಾರ ಇಲ್ಲವೇ ತಿಂಗಳು ಎಲ್ಲ ಶಾಂತವಾಗಿರುತ್ತದೆ, ಬೇರಿನ ತುದಿಯಲ್ಲಿ ಮಾತ್ರ ಸೋಂಕು ಮೆಲ್ಲಗೆ ಎಲುಬು ತಿನ್ನುತ್ತಾ ಇರುತ್ತದೆ. ಸುಮ್ನೆ ಬಿಡುವುದು ಅನ್ನುವ ದಾರಿ ಮಾತ್ರ ಇಲ್ಲ.

ಮೂರು ವಿಷಯ ತಿಳಿಸಿ. ಆ ಬದಿಯಲ್ಲಿ ಅಗಿಯುವಾಗ, ಅದರಲ್ಲೂ ಕಚ್ಚಿ ಬಿಡುವಾಗ, ಸೂಜಿ ಚುಚ್ಚಿದ ಹಾಗೆ ಆಗುತ್ತದಾ? ವಸಡಿನಲ್ಲಿ ಮೊಡವೆಯಂಥ ಗುಳ್ಳೆ ಎದ್ದಿದೆಯಾ? ಒಡೆದ ಜಾಗ ಕನ್ನಡಿಯಲ್ಲಿ ನೋಡಿದರೆ ವಸಡಿನ ಮೇಲೆ ಹಲ್ಲು ಕಾಣುತ್ತದಾ, ಅಥವಾ ವಸಡಿನ ಒಳಗೇ ಹೋಗಿದೆಯಾ? ಸಕ್ಕರೆ ಕಾಯಿಲೆ, ರಕ್ತ ತೆಳು ಮಾಡುವ ಮಾತ್ರೆ, ಎಲುಬು ಸವೆತಕ್ಕೆ ಇಂಜೆಕ್ಷನ್, ಇದ್ಯಾವುದಾದರೂ ಉಂಟಾದರೆ ಅದನ್ನೂ ಬರೆಯಿರಿ.

ಪೆರ್ಲದವರು:

ಕಚ್ಚಿ ಬಿಡುವಾಗ ಚುಚ್ಚುತ್ತದೆ, ಹೌದು. ನೀವು ಹೇಳಿದ ಮೇಲೆ ಗಮನಿಸಿದೆ. ಗುಳ್ಳೆ ಇಲ್ಲ. ವಸಡಿನ ಮೇಲೆ ಒಂದು ಅಕ್ಕಿಕಾಳಿನ ದಪ್ಪದಷ್ಟು ಹಲ್ಲು ಕಾಣುತ್ತದೆ, ಉಳಿದ ಮೂರು ಬದಿ ಚೆನ್ನಾಗಿದೆ. ಬೇರೆ ಯಾವ ಕಾಯಿಲೆಯೂ ಇಲ್ಲ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಸಣ್ಣ ಕಪ್ಪು ನೆರಳು ಇದೆ ಅಂದರು.

ದಂತವೈದ್ಯರ ಉತ್ತರ:

ಈಗ ಸ್ವಲ್ಪ ಸ್ಪಷ್ಟ ಆಯಿತು. ಇದನ್ನು ಉದ್ದ ಬರೆಯುತ್ತೇನೆ, ಯಾಕೆಂದರೆ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ತುಂಬ ಜನ ಕೇಳುತ್ತಾರೆ.

ಬೇರಿನ ತುದಿಯ ಕಪ್ಪು ನೆರಳು ನೋಡಿ ಹೆದರಬೇಡಿ. ಅಲ್ಲಿ ಎಲುಬು ಕರಗಿದೆ, ಅಷ್ಟೇ. ರೂಟ್ ಕೆನಾಲ್ ಸರಿಯಾಗಿ ಆದರೆ ಹೆಚ್ಚಿನವರಲ್ಲಿ ಆ ಎಲುಬು ತಿಂಗಳುಗಳಲ್ಲಿ ಮತ್ತೆ ತುಂಬುತ್ತದೆ. ಆ ನೆರಳು ಇದೆ ಅನ್ನುವ ಒಂದೇ ಕಾರಣಕ್ಕೆ ಹಲ್ಲು ಕೀಳಿಸಬೇಕಾಗಿಲ್ಲ.

ನಿಜವಾದ ಪ್ರಶ್ನೆ ಬೇರೆ. ಸೋಂಕು ತೆಗೆದ ಮೇಲೆ ಕ್ಯಾಪ್ ಕೂರಿಸಲು ಗಟ್ಟಿ ಹಲ್ಲು ಎಷ್ಟು ಉಳಿದಿದೆ? ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಬೇಕು. ಕ್ಯಾಪ್ ಅದನ್ನು ಬಳೆಯ ಹಾಗೆ ಸುತ್ತಿ ಹಿಡಿಯುತ್ತದೆ. ಆ ಹಿಡಿತ ಇಲ್ಲದಿದ್ದರೆ ಎಷ್ಟು ಚೆಂದದ ಕ್ಯಾಪ್ ಹಾಕಿದರೂ ಒಂದು ದಿನ ಹಲ್ಲಿನ ಸಮೇತ ಕಿತ್ತು ಬರುತ್ತದೆ. ನಿಮ್ಮದು ಒಂದು ಬದಿಯಲ್ಲಿ ಕಡಿಮೆ, ಮೂರು ಬದಿಯಲ್ಲಿ ಚೆನ್ನಾಗಿದೆ. ಇದು ಉಳಿಸಬಹುದಾದ ಲೆಕ್ಕವೇ. ಬೇಕಾದರೆ ಆ ಬದಿಯ ವಸಡು ಸ್ವಲ್ಪ ಇಳಿಸಿ ಹಲ್ಲು ಹೊರಗೆ ಕಾಣುವ ಹಾಗೆ ಮಾಡುತ್ತಾರೆ.

ನನಗೆ ಚಿಂತೆ ಇರುವುದು ಆ ಚುಚ್ಚುವಿಕೆಯ ಬಗ್ಗೆ. ಕಚ್ಚಿ ಬಿಡುವಾಗ ಚುಚ್ಚಿದರೆ ಹಲ್ಲಿನಲ್ಲಿ ಬಿರುಕು ಇರಬಹುದು. ಹಳೆಯ ದೊಡ್ಡ ಬೆಳ್ಳಿ ಸಿಮೆಂಟ್ ಇರುವ ಹಲ್ಲಿನಲ್ಲಿ ಉಳಿದ ಗೋಡೆಗಳು ತೆಳ್ಳಗಾಗಿರುತ್ತವೆ, ವರ್ಷಗಟ್ಟಲೆ ಅಗಿದು ಅಗಿದು ಅವುಗಳಲ್ಲಿ ಸಣ್ಣ ಗೆರೆ ಬೀಳುತ್ತದೆ, ಸಾಂತಾಣಿ ಕೊನೆಯ ಪೆಟ್ಟು ಕೊಟ್ಟಿತು ಅಷ್ಟೇ. ಈ ಬಿರುಕು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ಒಂದೇ ಎಕ್ಸ್‌ರೇ ನೋಡಿ ಇಬ್ಬರು ಡಾಕ್ಟ್ರು ಎರಡು ಮಾತು ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ಇಬ್ಬರೂ ತಪ್ಪಿರಬೇಕಾಗಿಲ್ಲ.

ಬಿರುಕು ಮೇಲುಭಾಗದಲ್ಲೇ ನಿಂತಿದ್ದರೆ ಹಲ್ಲು ಉಳಿಯುತ್ತದೆ. ಹಲ್ಲಿನ ಒಳಕೋಣೆಯ ತಳ ದಾಟಿ ಬೇರಿಗೆ ಇಳಿದಿದ್ದರೆ ಉಳಿಯುವುದಿಲ್ಲ. ಆಗ ರೂಟ್ ಕೆನಾಲ್ ಮಾಡಿದರೂ ಬಿರುಕಿನ ಮೂಲಕ ಸೋಂಕು ಮತ್ತೆ ಮತ್ತೆ ಇಳಿಯುತ್ತದೆ, ದುಡ್ಡೂ ಹೋಗುತ್ತದೆ, ಸುತ್ತಲಿನ ಎಲುಬೂ ಹೋಗುತ್ತದೆ. ಇದನ್ನು ತಿಳಿಯಲು ಹಳೆಯ ಸಿಮೆಂಟ್ ಪೂರ್ತಿ ತೆಗೆದು, ಬಣ್ಣ ಹಚ್ಚಿ, ದೊಡ್ಡದಾಗಿ ಕಾಣುವ ಕನ್ನಡಕ ಇಲ್ಲವೇ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಜೊತೆಗೆ ವಸಡಿನ ಸುತ್ತ ಅಳತೆಯ ಕಡ್ಡಿ ಇಳಿಸುತ್ತಾರೆ. ಸುತ್ತಲೂ 2, 3 ಮಿಲಿಮೀಟರ್ ಇದ್ದು ಒಂದೇ ಒಂದು ಕಡೆ ಕಡ್ಡಿ ಆಳಕ್ಕೆ ಇಳಿದರೆ ಅಲ್ಲಿ ಬಿರುಕು ಬೇರಿಗೆ ಹೋಗಿದೆ ಅಂತ ಬಲವಾದ ಅನುಮಾನ.

ಹಾಗಾಗಿ ನನ್ನ ಸಲಹೆ ಹೀಗೆ. ರೂಟ್ ಕೆನಾಲ್ ಅಂತ ಒಪ್ಪಿಕೊಂಡು ಹೋಗಬೇಡಿ, ಕೀಳಿಸುವುದು ಅಂತಲೂ ಹೋಗಬೇಡಿ. "ಮೊದಲು ತೆರೆದು ನೋಡಿ, ಬಿರುಕು ತಳದವರೆಗೆ ಇದ್ದರೆ ಅಲ್ಲೇ ನಿಲ್ಲಿಸಿ ನನಗೆ ಹೇಳಿ" ಅಂತ ಮೊದಲೇ ಮಾತಾಡಿ. ಬೇರು ಚಿಕಿತ್ಸೆಯಲ್ಲೇ ಎಂ.ಡಿ.ಎಸ್. (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರ ಹತ್ತಿರ ಹೋದರೆ ಒಳ್ಳೆಯದು. ನಿಮ್ಮ ಕಡೆಯಿಂದ ಪೊಯಿನಾಚಿಯ ದಂತ ಕಾಲೇಜಿಗೂ ಹೋಗಬಹುದು, ಮಂಗಳೂರು ಹತ್ತಿರದ ದೇರಳಕಟ್ಟೆಯ ಕಾಲೇಜುಗಳಿಗೂ ಹೋಗಬಹುದು. ಕಾಲೇಜಿನಲ್ಲಿ ಸಮಯ ಜಾಸ್ತಿ ಹಿಡಿಯುತ್ತದೆ, ನಾಲ್ಕೈದು ಸಲ ಬಸ್ಸು ಹತ್ತಬೇಕಾಗಬಹುದು, ಆದರೆ ಖರ್ಚು ಕಡಿಮೆ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮರೆಯಬೇಡಿ. ರೂಟ್ ಕೆನಾಲ್ ಮಾಡಿಸಿ ನೋವು ಹೋಯಿತು ಅಂತ ಕ್ಯಾಪ್ ಹಾಕಿಸದೆ ತಿರುಗುವವರು ತುಂಬ. ಅಮೆರಿಕದಲ್ಲಿ ರೂಟ್ ಕೆನಾಲ್ ಆದ 14 ಲಕ್ಷಕ್ಕೂ ಹೆಚ್ಚು ಹಲ್ಲುಗಳ ದಾಖಲೆ ನೋಡಿದ ಒಂದು ಅಧ್ಯಯನ 2004ರಲ್ಲಿ ಪ್ರಕಟ ಆಗಿತ್ತು. ಎಂಟು ವರ್ಷದ ಮೇಲೂ 97 ಶೇಕಡಾ ಹಲ್ಲುಗಳು ಬಾಯಲ್ಲೇ ಇದ್ದವು. ಕೀಳಬೇಕಾಗಿ ಬಂದವುಗಳಲ್ಲಿ 85 ಶೇಕಡಾ ಹಲ್ಲುಗಳಿಗೆ ಪೂರ್ತಿ ಕ್ಯಾಪ್ ಇರಲಿಲ್ಲ. ದವಡೆ ಹಲ್ಲಿಗೆ ರೂಟ್ ಕೆನಾಲ್ ಅರ್ಧ ಕೆಲಸ, ಕ್ಯಾಪ್ ಇನ್ನರ್ಧ. ದುಡ್ಡು ಹೊಂದಿಸುವಾಗ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಅತ್ತೆಯವರ ಮಾತನ್ನು ತಳ್ಳಿಹಾಕುವುದಿಲ್ಲ. ಅವರ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ. ಆದರೆ ಆರನೇ ಹಲ್ಲು ಹೋದರೆ ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಮೇಲಿನ ಹಲ್ಲು ಕೆಳಗೆ ಇಳಿಯುತ್ತದೆ, ಆ ಸಂದಿಗಳಲ್ಲಿ ಅನ್ನ ಸಿಕ್ಕಿ ಹುಳುಕು ಹಿಡಿಯುತ್ತದೆ. ಒಂದು ಹಲ್ಲಿನ ಕತೆ ಹತ್ತು ವರ್ಷದಲ್ಲಿ ಮೂರು ಹಲ್ಲಿನ ಕತೆ ಆಗುವುದನ್ನು ನಾನು ಎಷ್ಟೋ ಬಾಯಿಗಳಲ್ಲಿ ನೋಡಿದ್ದೇನೆ.

ಮುಳ್ಳೇರಿಯದಿಂದ ಒಬ್ಬರು:

ಡಾಕ್ಟ್ರೇ, ಇದರಲ್ಲೇ ನನ್ನದೂ ಒಂದು. ಅಪ್ಪನಿಗೆ 74. ಇಡೀ ದಿನ ಎಲೆ ಅಡಿಕೆ ಬಾಯಲ್ಲಿ. ಮೇಲಿನ ಎರಡು ದವಡೆ ಹಲ್ಲು ಅಲ್ಲಾಡುತ್ತವೆ, ಒಂದಂತೂ ಬೆರಳಿಟ್ಟರೆ ಮೇಲೆ ಕೆಳಗೆ ಹೋಗುತ್ತದೆ. ಶುಗರ್ ಉಂಟು, ಹೃದಯಕ್ಕೆ ಆಸ್ಪಿರಿನ್ ತಗೊಳ್ಳುತ್ತಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅಂತ ಹಟ ಹಿಡಿದು ಕೂತಿದ್ದಾರೆ.

ದಂತವೈದ್ಯರ ಉತ್ತರ:

ಅಣ್ಣ, ಮೇಲೆ ಕೆಳಗೆ ಆಡುವ ಹಲ್ಲಿಗೆ ಹಿಡಿಯಲು ಎಲುಬೇ ಉಳಿದಿಲ್ಲ. ಅದನ್ನು ತೆಗೆಯುವುದೇ ಸರಿ. ಇಟ್ಟುಕೊಂಡಷ್ಟು ದಿನ ಪಕ್ಕದ ಹಲ್ಲಿನ ಎಲುಬೂ ಹೋಗುತ್ತದೆ. ಇನ್ನೊಂದು ಹಲ್ಲನ್ನು ವಸಡಿನ ಆಳದ ಶುಚಿ ಮಾಡಿಸಿ ಕೆಲವು ತಿಂಗಳು ನೋಡಬಹುದು.

ಕಣ್ಣಿನ ವಿಷಯ ಅಪ್ಪನಿಗೆ ಹೀಗೆ ಹೇಳಿ. ಮೇಲಿನ ಹಲ್ಲಿಗೆ ಹೋಗುವ ನರ ಬೇರೆ, ಕಣ್ಣಿಗೆ ದೃಷ್ಟಿ ಕೊಡುವ ನರ ಬೇರೆ. ಹಲ್ಲು ಕೀಳುವ ವಯಸ್ಸಿನಲ್ಲೇ ಪೊರೆಯೂ ಬರುತ್ತದೆ, ಜನ ಎರಡನ್ನೂ ಗಂಟು ಹಾಕುತ್ತಾರೆ.

ಆಸ್ಪಿರಿನನ್ನು ನೀವಾಗಿ ನಿಲ್ಲಿಸಬೇಡಿ, ಇದು ಮುಖ್ಯ. ಒಂದೆರಡು ಹಲ್ಲು ತೆಗೆಯಲು ಸಾಮಾನ್ಯವಾಗಿ ಅದನ್ನು ನಿಲ್ಲಿಸಬೇಕಾಗಿಲ್ಲ, ರಕ್ತ ಸ್ವಲ್ಪ ಹೊತ್ತು ಜಾಸ್ತಿ ಒಸರಬಹುದು, ಹತ್ತಿ ಒತ್ತಿಟ್ಟು ಹೊಲಿಗೆ ಹಾಕಿ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಹೃದಯಕ್ಕೆ ಆಗುವ ಅಪಾಯ ಅದಕ್ಕಿಂತ ದೊಡ್ಡದು. ಶುಗರ್ ಒಮ್ಮೆ ನೋಡಿಸಿಕೊಂಡೇ ಹೋಗಿ. ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ತಗೊಂಡು ಹೋಗಲಿ, ಹಸಿದ ಹೊಟ್ಟೆಯಲ್ಲಿ ಬೇಡ. ಹೋದಾಗ ಕೆನ್ನೆಯ ಒಳಬದಿಯನ್ನೂ ತೋರಿಸಿ. ಅಡಿಕೆ ಜಗಿಯುವವರಿಗೆ ಬಾಯಿ ತೆರೆಯಲು ಕಷ್ಟ ಆಗುವುದು, ಖಾರ ತಾಗಿದರೆ ಉರಿಯುವುದು, ಬಿಳಿ ಪಟ್ಟೆ, ವಾಸಿಯಾಗದ ಹುಣ್ಣು, ಇವು ಬರುತ್ತವೆ. ಅಡಿಕೆ ಬೆಳೆದೇ ಬದುಕುವ ಊರಿನಲ್ಲಿ ಇದನ್ನು ಹೇಳಲು ನನಗೂ ಕಷ್ಟ, ಆದರೆ ಅಡಿಕೆಯನ್ನು ಹೊಗೆಸೊಪ್ಪು ಇಲ್ಲದೆ ಜಗಿದರೂ ಬಾಯಿಯ ಕ್ಯಾನ್ಸರಿಗೆ ಅದು ಕಾರಣ ಆಗುತ್ತದೆ.

ಕುಂಬಳೆಯಿಂದ ಒಬ್ಬರು:

ನೋವು ಬಂದಾಗಲೆಲ್ಲ ಮೆಡಿಕಲ್‌ನಿಂದ ಆ್ಯಂಟಿಬಯೋಟಿಕ್ ತಗೊಂಡರೆ ಎರಡು ದಿನದಲ್ಲಿ ಹೋಗುತ್ತದೆ. ಹೀಗೇ ಕಳೆಯಬಹುದಾ?

ದಂತವೈದ್ಯರ ಉತ್ತರ:

ಬೇಡ. ಸತ್ತ ನರದ ಒಳಗೆ ರಕ್ತ ಹರಿಯುವುದಿಲ್ಲ, ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ. ಸೋಂಕಿನ ಮೂಲ ಹಲ್ಲಿನೊಳಗೆ ಹಾಗೇ ಇರುತ್ತದೆ. ಇಲ್ಲಿ ಎಲ್ಲರೂ ನೆನಪಿಡಿ: ದವಡೆಯ ಅಡಿಯಲ್ಲಿ ಬಾತು, ಜ್ವರ ಬಂದು, ನುಂಗಲು ಇಲ್ಲವೇ ಉಸಿರಾಡಲು ಕಷ್ಟ ಆದರೆ, ಬಾಯಿ ಬಿಡಲು ಆಗದಿದ್ದರೆ, ಕ್ಲಿನಿಕ್ ತೆರೆಯುವುದನ್ನು ಕಾಯಬೇಡಿ. ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಿ. ಅದು ಜೀವಕ್ಕೇ ಅಪಾಯ. ಬಾತಿರುವ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ.

ಪೆರ್ಲದವರು (ಹದಿನೆಂಟು ದಿನದ ನಂತರ):

ಡಾಕ್ಟ್ರೇ, ಹೋಗಿ ಬಂದೆ. ನೀವು ಹೇಳಿದ ಹಾಗೇ ಮೊದಲು ಮಾತಾಡಿದೆ. ಒಪ್ಪಿಗೆಯ ಕಾಗದ ಮಲಯಾಳದಲ್ಲಿತ್ತು, ನನಗೆ ಓದಲು ಬರುವುದಿಲ್ಲ. ಓದಿ ಹೇಳಿ ಅಂತ ಕೇಳಿದೆ, ಪಾಪ ಒಬ್ಬ ಹುಡುಗಿ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳು. ಆಮೇಲೆ ಸಿಮೆಂಟ್ ತೆಗೆದು ನೀಲಿ ಬಣ್ಣ ಹಾಕಿ ನೋಡಿದರು. ನನಗೂ ಪರದೆಯಲ್ಲಿ ತೋರಿಸಿದರು. ಹಲ್ಲಿನ ತಳದಲ್ಲಿ ಈ ಕಡೆಯಿಂದ ಆ ಕಡೆಗೆ ಗೆರೆ. ಕಡ್ಡಿಯೂ ಒಂದು ಕಡೆ 9 ಮಿಲಿಮೀಟರ್ ಇಳಿಯಿತಂತೆ. ನೋಡಿದ ಮೇಲೆ ಇನ್ನೇನು ಕೇಳುವುದು. ನಿನ್ನೆ ತೆಗೆಸಿದೆ. ಬೇಜಾರು ಆಗಿದೆ, ಆದರೆ ಸಂಶಯ ಇಲ್ಲ. ಇನ್ನು ಎಂತ ಮಾಡಬೇಕು?

ದಂತವೈದ್ಯರ ಉತ್ತರ:

ಅಕ್ಕ, ಬೇಜಾರು ಆಗುವುದು ಸಹಜ. ಆ ಗೆರೆ ಇದ್ದ ಹಲ್ಲನ್ನು ನಾನಾದರೂ ತೆಗೆಯುತ್ತಿದ್ದೆ.

ಇವತ್ತಿಂದ ಉಗುರುಬೆಚ್ಚಗಿನ ಉಪ್ಪುನೀರು ಬಾಯಲ್ಲಿ ಮೆಲ್ಲಗೆ ಆಡಿಸಿ, ದಿನಕ್ಕೆ ನಾಲ್ಕೈದು ಸಲ. ಜೋರಾಗಿ ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾ ಹಾಕಿ ಎಳನೀರು ಕುಡಿಯಬೇಡಿ. ಗುಂಡಿಯಲ್ಲಿ ಕಟ್ಟಿದ ರಕ್ತದ ಗಡ್ಡೆ ಜಾರಿ ಹೋದರೆ ಎಲುಬು ತೆರೆದುಕೊಳ್ಳುತ್ತದೆ. ಗಂಜಿ ಆರಿಸಿ ಕುಡಿಯಿರಿ, ಇನ್ನೊಂದು ಬದಿಯಲ್ಲಿ ಅಗಿಯಿರಿ. ಮೂರನೇ ನಾಲ್ಕನೇ ದಿನ ನೋವು ಇಳಿಯುವ ಬದಲು ಏರಿ ಕಿವಿಯವರೆಗೆ ಹೋದರೆ, ಬಾಯಿ ವಾಸನೆ ಬಂದರೆ, ತೆಗೆದವರ ಹತ್ತಿರವೇ ಹೋಗಿ, ಔಷಧಿ ತುಂಬಿ ಕಳಿಸುತ್ತಾರೆ.

ಖಾಲಿ ಜಾಗದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ, ಆದರೆ ವರ್ಷಗಟ್ಟಲೆ ಬಿಡಲೂಬೇಡಿ. ಎಲುಬಿನ ಅಗಲ ಮೊದಲ ವರ್ಷದಲ್ಲಿ ಸುಮಾರು ಅರ್ಧ ಕಡಿಮೆ ಆಗಬಹುದು, ಅದರಲ್ಲೂ ಮೊದಲ ಮೂರು ತಿಂಗಳಲ್ಲೇ ಜಾಸ್ತಿ. ಮೂರನೇ ತಿಂಗಳ ಹೊತ್ತಿಗೆ ಒಮ್ಮೆ ತೋರಿಸಿ. ಬ್ರಿಜ್ ಅಂದರೆ ಪಕ್ಕದ ಎರಡು ಒಳ್ಳೆಯ ಹಲ್ಲನ್ನು ಕೊರೆದು ಸಣ್ಣ ಮಾಡಬೇಕು, ನಿಮ್ಮ ಪಕ್ಕದವು ಗಟ್ಟಿ ಇರುವುದರಿಂದ ನನಗೆ ಅದು ಅಷ್ಟು ಇಷ್ಟ ಇಲ್ಲ. ಇಂಪ್ಲಾಂಟಿಗೆ ದುಡ್ಡು ಜಾಸ್ತಿ. ಈಗ ಕೈಯಲ್ಲಿ ಅಷ್ಟು ಇಲ್ಲದಿದ್ದರೆ ತೆಗೆದು ಹಾಕುವ ಒಂದು ಹಲ್ಲಿನ ಸೆಟ್ ಮಾಡಿಸಿ, ಪಕ್ಕದ ಹಲ್ಲು ವಾಲದ ಹಾಗೆ ಅದು ತಡೆಯುತ್ತದೆ.

ಬಲಬದಿಯಲ್ಲೂ ಹಳೆಯ ಬೆಳ್ಳಿ ಸಿಮೆಂಟ್ ಇದೆಯಾ? ಇದ್ದರೆ ಮುಂದಿನ ಸಲ ಹೋದಾಗ ಆ ಹಲ್ಲಿನ ಗೋಡೆಗಳನ್ನೂ ನೋಡಲು ಹೇಳಿ.

ಪೆರ್ಲದವರು:

ಇದೆ ಡಾಕ್ಟ್ರೇ, 46 ಅಂತ ಬರೆದು ಕೊಟ್ಟಿದ್ದಾರೆ. ಸೋಮವಾರ ಹೊಲಿಗೆ ಬಿಚ್ಚಲು ಹೋಗುವಾಗ ತೋರಿಸುತ್ತೇನೆ.